ಜತ್ತಿಯವರ ದಸ್ಕತ್ತು

ನಮ್ಮ ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ರಾಜಕಾರಣದ ಹರಟೆ ಶುರುವಾದರೆ ಹಿರಿಯರು ಈಗಲೂ ಒಂದು ಮಾತು ತೆಗೆಯುವುದುಂಟು. ಮೊರಾರ್ಜಿ ದೇಸಾಯಿಯವರನ್ನು ಪ್ರಧಾನಿ ಮಾಡಿದವರು ನಮ್ಮ ಜತ್ತಿಯವರು ಎಂದು. ಆ ಮಾತಿನಲ್ಲಿ ಹೆಮ್ಮೆ ಎಷ್ಟಿದೆಯೋ ತಪ್ಪೂ ಅಷ್ಟೇ ಇದೆ. ತಪ್ಪು ಎಲ್ಲಿದೆಯೆಂದು ಹುಡುಕಹೊರಟರೆ ಬೇರೊಂದು ಪ್ರಶ್ನೆ ಎದುರಾಗುತ್ತದೆ: ದಿಲ್ಲಿಯ ಮಂತ್ರಿಮಂಡಲ ಯಾರದು, ಪ್ರಮಾಣವಚನ ಬೋಧಿಸುವ ರಾಷ್ಟ್ರಪತಿಯದೋ, ಪಟ್ಟಿ ಕಳಿಸುವ ಪ್ರಧಾನಿಯದೋ?

ಬಸಪ್ಪ ದಾನಪ್ಪ ಜತ್ತಿ 1912ರಲ್ಲಿ ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿದರು. ಆಗ ಜಮಖಂಡಿ ಪಟವರ್ಧನರ ಸಂಸ್ಥಾನ, ನಮ್ಮ ಮಹಾಲಿಂಗಪುರ ಮುಧೋಳದ ಘೋರ್ಪಡೆಯವರದು. ಸಂಸ್ಥಾನದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ದಿವಾನನನ್ನು ನೇಮಿಸುವವನೂ ರಾಜ, ಮನೆಗೆ ಕಳಿಸುವವನೂ ರಾಜ. ಜತ್ತಿಯವರು ವಕೀಲಿ ಮಾಡುತ್ತ ಪುರಸಭೆಗೆ ಬಂದರು, ಸಂಸ್ಥಾನದ ಮಂತ್ರಿಯಾದರು, ಕೊನೆಗೆ ಮುಖ್ಯಮಂತ್ರಿಯಾದರು. 1948ರಲ್ಲಿ ಜಮಖಂಡಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ತಾವು ಕುಳಿತ ಕುರ್ಚಿಯನ್ನು ತಾವೇ ಮಡಿಚಿಟ್ಟು ಎದ್ದು ಬಂದವರೆನ್ನಬಹುದು. 1952ರಲ್ಲಿ ಮೊರಾರ್ಜಿಯವರು ಮುಂಬಯಿಯ ಮುಖ್ಯಮಂತ್ರಿಯಾದಾಗ ಜತ್ತಿ ಅವರ ಸರ್ಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ. ಮುಂದೆ 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಫಕ್ರುದ್ದೀನ್ ಸಾಹೇಬರ ಹೆಸರು ಬಂದಾಗ ನಮಗೆ ಒಂದಿಷ್ಟು ಇರುಸುಮುರುಸಾಗುತ್ತದೆ, ಮುಚ್ಚಿಡುವುದೇಕೆ? ಜಾಕಿರ್ ಹುಸೇನರ ನಂತರ ಆ ಪೀಠವೇರಿದ ಎರಡನೆಯ ಮುಸ್ಲಿಮರು ಅವರು. ಆದರೆ ಜನಕ್ಕೆ ನೆನಪಿರುವುದು 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಗೆ ಅವರು ಹಾಕಿದ ಸಹಿ. ಆ ಹೊತ್ತಿಗೆ ಮಂತ್ರಿಮಂಡಲದ ಸಭೆಯೇ ಸೇರಿರಲಿಲ್ಲ. ಇಂದಿರಾ ಗಾಂಧಿಯವರೊಬ್ಬರ ಸಲಹೆಯ ಮೇಲೆ ದಸ್ಕತ್ತು ಬಿತ್ತು, ಮಂತ್ರಿಗಳನ್ನು ಮರುದಿನ ಬೆಳಗಿನ ಜಾವ ಕರೆಸಿ ಒಪ್ಪಿಗೆ ಪಡೆಯಲಾಯಿತು. ಸ್ನಾನದ ತೊಟ್ಟಿಯಲ್ಲಿ ಕುಳಿತೇ ರಾಷ್ಟ್ರಪತಿ ಸುಗ್ರೀವಾಜ್ಞೆಗೆ ಸಹಿ ಹಾಕುವ ಚಿತ್ರವನ್ನು ಅಬು ಬರೆದದ್ದು ಆ ದಿನಗಳಲ್ಲೇ.

ಮಾರ್ಚ್ ತಿಂಗಳ ಚುನಾವಣೆಯಲ್ಲಿ ಇಂದಿರಾ ಸೋತರು. ಕರ್ನಾಟಕ ಮಾತ್ರ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತ್ತು. ಪ್ರಧಾನಿ ಪಟ್ಟಕ್ಕೆ ಮೊರಾರ್ಜಿ, ಜಗಜೀವನ್ ರಾಮ್, ಚರಣ್ ಸಿಂಗ್ ಮೂವರ ಹೆಸರೂ ಇತ್ತು. ಆರಿಸಿಕೊಟ್ಟವರು ಜಯಪ್ರಕಾಶ ನಾರಾಯಣ ಮತ್ತು ಆಚಾರ್ಯ ಕೃಪಲಾನಿ. ಮಾರ್ಚ್ 24ರಂದು ಜತ್ತಿಯವರು ತಮ್ಮ ಹಳೆಯ ಮುಖ್ಯಮಂತ್ರಿಗೆ ಪ್ರಮಾಣವಚನ ಬೋಧಿಸಿದರು. ನಮ್ಮ ಪೇಟೆಯ ಮಾತಿನಲ್ಲಿರುವ ನಿಜ ಇಷ್ಟೇ. ಅಮೆರಿಕೆಯ ಅಧ್ಯಕ್ಷರಾದರೆ ತಮ್ಮ ಮಂತ್ರಿಗಳನ್ನು ತಾವೇ ಆರಿಸಿ ಸೆನೆಟ್ಟಿನ ಒಪ್ಪಿಗೆ ಪಡೆಯುತ್ತಾರೆ. ನಮ್ಮಲ್ಲಿ ಪ್ರಧಾನಿ ಕೊಟ್ಟ ಪಟ್ಟಿಯೇ ಪಟ್ಟಿ.

ಆ ಪಟ್ಟಿಯಾದರೂ ಐದು ಮನೆಯವರು ಕೂಡಿ ಬಡಿಸಿದ ಊಟ. ಗೃಹ ಖಾತೆ ಚರಣ್ ಸಿಂಗರಿಗೆ, ಹಣಕಾಸು ಎಚ್.ಎಂ. ಪಟೇಲರಿಗೆ. ಜನಸಂಘದಿಂದ ವಾಜಪೇಯಿ, ಅಡ್ವಾಣಿ ಮತ್ತು ಬ್ರಿಜ್‌ಲಾಲ್ ವರ್ಮಾ, ಸಮಾಜವಾದಿಗಳಿಂದ ಮಧು ದಂಡವತೆ, ಪಂಜಾಬಿನ ಅಕಾಲಿ ದಳದಿಂದ ಬಾದಲ್. ಜಗಜೀವನ್ ರಾಮರೂ ಬಹುಗುಣರೂ ಮೊದಲು ಮುನಿದು ದೂರ ನಿಂತು ಆಮೇಲೆ ಒಳಬಂದರು. ಕನ್ನಡ ನಾಡಿನ ಮಗನೆಂದರೆ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಅವರೂ ಜೈಲಿನಲ್ಲಿದ್ದುಕೊಂಡೇ ಗೆದ್ದದ್ದು ಬಿಹಾರದ ಮುಜಫ್ಫರಪುರದಿಂದ. ಸಂಪುಟ ರಚನೆಯಾದಾಗಲೆಲ್ಲ ನಮ್ಮವರು ಎಷ್ಟು ಮಂದಿ ಎಂದು ಎಣಿಸುವ ಚಾಳಿ ನಮಗೂ ಇದೆ, ಎಲ್ಲ ಜಾತಿಯವರಿಗೂ ಇದೆ. ಅಲ್ಲಿದ್ದವರು ಸಿಕಂದರ್ ಬಖ್ತ್. ಹಳೆ ದಿಲ್ಲಿಯ ತುರ್ಕ್‌ಮನ್ ಗೇಟಿನಲ್ಲಿ ಬಡವರ ಮನೆಗಳ ಮೇಲೆ ಬುಲ್ಡೋಜರ್ ಹರಿದದ್ದು 1976ರಲ್ಲಿ. ಮರುವರ್ಷ ಚಾಂದನಿ ಚೌಕದಿಂದ ಗೆದ್ದು ಬಂದ ಬಖ್ತರಿಗೆ ಸಿಕ್ಕ ಖಾತೆ ವಸತಿ ಮತ್ತು ಪುನರ್ವಸತಿ. ಎಣಿಕೆಗಿಂತ ಈ ಖಾತೆಯ ಹೆಸರೇ ನಮಗೆ ಹೆಚ್ಚು ಹೇಳುತ್ತದೆ.

ಜತ್ತಿಯವರ ನಿಜವಾದ ಪರೀಕ್ಷೆ ನಡೆದದ್ದು ಏಪ್ರಿಲ್ ಕೊನೆಯಲ್ಲಿ. ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಹೊಸ ಸರ್ಕಾರ ಹೊರಟಿತು. ರಾಜಸ್ಥಾನ ಮೊದಲಾದ ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಮುಖ್ಯ ನ್ಯಾಯಮೂರ್ತಿ ಎಂ.ಎಚ್. ಬೇಗ್ ಅವರಿದ್ದ ಏಳು ಜನರ ಪೀಠ 29ರಂದು ದಾವೆಗಳನ್ನು ತಳ್ಳಿಹಾಕಿತು. ಅಂದೇ ಮಂತ್ರಿಮಂಡಲದ ಸಲಹೆ ರಾಷ್ಟ್ರಪತಿ ಭವನಕ್ಕೆ ಹೋಯಿತು. ಜತ್ತಿಯವರು ಸಹಿ ಹಾಕಲಿಲ್ಲ, ಯೋಚಿಸಬೇಕೆಂದರು. ದಿಲ್ಲಿಯಲ್ಲಿ ಗದ್ದಲವೆದ್ದಿತು. ಅವರು ಕಾಂಗ್ರೆಸ್ಸಿನಿಂದ ಬಂದವರು. ಆ ವಿಧಾನಸಭೆಗಳ ಸದಸ್ಯರು ಮುಂದಿನ ರಾಷ್ಟ್ರಪತಿಯ ಚುನಾವಣೆಗೆ ಮತದಾರರು. ಜನತಾದವರಿಗೆ ಸಂಶಯ ಬಂದದ್ದು ತಪ್ಪಲ್ಲ. ಮರುದಿನ, 30ರಂದು, ಸಹಿ ಬಿತ್ತು.

ಕಾನೂನಿನ ಪ್ರಕಾರ ಅವರಿಗೆ ಬೇರೆ ದಾರಿಯೇ ಇರಲಿಲ್ಲ. ಸಂಪುಟದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯತಕ್ಕದ್ದು ಎಂದು 74ನೆಯ ವಿಧಿಯಲ್ಲಿ ಬರೆಸಿದ್ದು 1976ರ 42ನೆಯ ತಿದ್ದುಪಡಿ, ಅಂದರೆ ತುರ್ತು ಪರಿಸ್ಥಿತಿಯ ಸರ್ಕಾರವೇ. ಇಂದಿರಾ ಹೆಣೆದ ಹಗ್ಗದಿಂದ ಜನತಾ ಸರ್ಕಾರ ಜತ್ತಿಯವರನ್ನು ಕಟ್ಟಿತು. ಹಾಗಿದ್ದರೂ ಆ ಒಂದು ರಾತ್ರಿಯ ತಡವನ್ನು ತೆಗಳಲು ನಮಗೆ ಮನಸ್ಸು ಬರುವುದಿಲ್ಲ. 1975ರ ಜೂನ್ ರಾತ್ರಿ ಅಷ್ಟು ತಡ ಮಾಡುವವರೊಬ್ಬರು ಆ ಭವನದಲ್ಲಿ ಇದ್ದಿದ್ದರೆ ಎಂದು ಅನ್ನಿಸುತ್ತದೆ.

ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾದರು, ಜತ್ತಿ ಉಪರಾಷ್ಟ್ರಪತಿಯ ಕುರ್ಚಿಗೆ ಮರಳಿದರು. 1978ರ 44ನೆಯ ತಿದ್ದುಪಡಿ ಎರಡು ಕೆಲಸ ಮಾಡಿತು. ಸಂಪುಟದ ತೀರ್ಮಾನ ಬರಹದಲ್ಲಿ ಬಾರದೆ ತುರ್ತು ಪರಿಸ್ಥಿತಿ ಸಾರುವಂತಿಲ್ಲ ಎಂದಿತು. ಸಂವಿಧಾನದಲ್ಲಿ ಅದುವರೆಗೆ ಇದ್ದದ್ದು ಮಂತ್ರಿಮಂಡಲ ಮಾತ್ರ, ಸಂಪುಟ ಎಂಬ ಶಬ್ದ ಒಳಬಂದದ್ದು ಆಗಲೇ. ಎರಡನೆಯದು, ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸುವ ಹಕ್ಕನ್ನು ರಾಷ್ಟ್ರಪತಿಗೆ ಕೊಟ್ಟಿತು. ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಡಳಿತ ಹೇರುವ ಸಲಹೆಯನ್ನು 1997ರಲ್ಲಿ, ಬಿಹಾರದ್ದನ್ನು 1998ರಲ್ಲಿ ಕೆ.ಆರ್. ನಾರಾಯಣನ್ ಹಿಂದಿರುಗಿಸಿದ್ದು ಈ ಹಕ್ಕಿನ ಬಲದಿಂದ. ಉತ್ತರ ಪ್ರದೇಶದ ವಿಷಯದಲ್ಲಿ ಸರ್ಕಾರ ಸುಮ್ಮನಾಯಿತು, ಬಿಹಾರದ ಸಲಹೆಯನ್ನು ಮಾತ್ರ ಸರ್ಕಾರ ಕೆಲವು ತಿಂಗಳ ನಂತರ ಮತ್ತೆ ಕಳಿಸಿತು.

ಆ ತಿದ್ದುಪಡಿ ರಾಜ್ಯಸಭೆಯ ಮುಂದೆ ಬಂದಾಗ ಅಲ್ಲಿ ಸಭಾಪತಿಯಾಗಿದ್ದವರು ಸಾವಳಗಿಯ ಜತ್ತಿಯವರೇ.