ತಡೆದು ನಿಲ್ಲಿಸಿದ ಹೊಳೆಯ ದಡದಲ್ಲಿ

ಸಹ್ಯಾದ್ರಿಯಿಂದ ಇಳಿದುಬರುವ ಮುಳಾ ಮತ್ತು ಮುಠಾ ನದಿಗಳು ಪುಣೆಯ ಸಂಗಮದಲ್ಲಿ ಕೂಡಿ, ಮುಳಾ-ಮುಠಾ ಎಂಬ ಜೋಡಿಹೆಸರಿನಿಂದ ಹರಿದು ಭೀಮೆಯನ್ನು ಸೇರುತ್ತವೆ; ಅದೇ ಭೀಮೆ ಪಂಢರಪುರವನ್ನು ದಾಟಿ ವಿಜಯಪುರ, ಕಲಬುರಗಿ ಸೀಮೆಗಳಿಗೆ ಬರುವುದರಿಂದ ಈ ಹೊಳೆಯ ಚರಿತ್ರೆ ಕನ್ನಡಿಗರಿಗೂ ಹೊರತಾದುದಲ್ಲ. ಸಂಗಮದ ಕೆಳಗೆ, ನದಿಯ ಬಲದಂಡೆಯಲ್ಲಿರುವ ಬಂಡ್ ಗಾರ್ಡನ್ ಒಂದೂವರೆ ಶತಮಾನದಿಂದ ಪುಣೆಯ ಜನ ಬಿಡುವಿನ ಮಧ್ಯಾಹ್ನ ಕಳೆಯುತ್ತ ಬಂದಿರುವ ತಾಣವಾಗಿದೆ.

ಪೇಶ್ವೆಗಳ ಕಾಲದಲ್ಲಿ ನದೀತೀರ ಮುಖ್ಯವಾಗಿ ಕರ್ಮಭೂಮಿಯಾಗಿತ್ತು. ಒಂದನೆಯ ಬಾಜೀರಾಯನ ಆಳ್ವಿಕೆಯಲ್ಲಿ, 1730ರ ದಶಕದಲ್ಲಿ ಮುಠಾ ದಡದ ಮೇಲೆದ್ದ ಓಂಕಾರೇಶ್ವರ ಗುಡಿಯ ಪಕ್ಕದಲ್ಲೇ ಸ್ಮಶಾನವಿತ್ತು. ಸ್ನಾನ, ಶ್ರಾದ್ಧ, ಶವಸಂಸ್ಕಾರಗಳಿಗಾಗಿ ಘಾಟುಗಳಿಗೆ, ಅಂದರೆ ನೀರಿಗಿಳಿಯುವ ಕಲ್ಲುಮೆಟ್ಟಿಲುಗಳಿಗೆ, ಜನ ಬರುತ್ತಿದ್ದರು. ವಿಹಾರಕ್ಕೆಂದು ನಾನಾಸಾಹೇಬ ಪೇಶ್ವೆ ಪರ್ವತಿ ಗುಡ್ಡದ ಬುಡದಲ್ಲಿ ಕೆರೆಯನ್ನು ಕಟ್ಟಿಸಿ ಅದರ ನಡುಗಡ್ಡೆಯಲ್ಲಿ ತೋಟ ಮಾಡಿಸಿದ್ದನು. ಅದೇ ಇಂದಿನ ಸಾರಸಬಾಗ್. ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಸೊರಗುವ ಹೊಳೆಯ ಊರಿನಲ್ಲಿ, ವಿರಾಮಕ್ಕೆ ಬೇಕಾದ ನೀರನ್ನು ಮನುಷ್ಯರೇ ತಡೆದು ನಿಲ್ಲಿಸಬೇಕಾಗಿತ್ತು.

ನದಿಯಲ್ಲಿಯೂ ಅದೇ ನಡೆಯಿತು. 1818ರಲ್ಲಿ ಪೇಶ್ವಾಯಿ ಮುಗಿದು ಪುಣೆ ಬ್ರಿಟಿಷರ ದೊಡ್ಡ ದಂಡುಪ್ರದೇಶವಾಯಿತು. ಅದರ ನೀರಿನ ಅಗತ್ಯಕ್ಕಾಗಿ ಮುಂಬಯಿಯ ಪಾರ್ಸಿ ವರ್ತಕ ಸರ್ ಜಮ್ಶೆಟ್‌ಜಿ ಜೀಜೀಭಾಯ್ ಕೊಟ್ಟ ದೊಡ್ಡ ದೇಣಿಗೆಯಿಂದ 1850ರ ಹೊತ್ತಿಗೆ ಹೊಳೆಗೆ ಅಡ್ಡಲಾಗಿ ಒಡ್ಡು ಸಿದ್ಧವಾಯಿತು. ಉದ್ಯಾನದ ಹೆಸರಿನಲ್ಲಿರುವ ಬಂಡ್ ಎಂದರೆ ಈ ಒಡ್ಡೇ. ಅದರ ಹಿಂದೆ ನಿಂತ ಅಗಲವಾದ ನೀರಿನ ಹರವು ದೋಣಿವಿಹಾರಕ್ಕೆ ಒದಗಿತು. 1868ರಲ್ಲಿ ಆರಂಭವಾದ ದೋಣಿಕೂಟ ಮುಂದೆ ರಾಯಲ್ ಕನಾಟ್ ಬೋಟ್ ಕ್ಲಬ್ ಎನಿಸಿತು. ಪಕ್ಕದಲ್ಲಿ ತೋಟ ಬೆಳೆಯಿತು, ಕಲ್ಲಿನ ಕಮಾನುಗಳ ಫಿಟ್ಸ್‌ಜೆರಾಲ್ಡ್ ಸೇತುವೆಯ ತುದಿಗಳಲ್ಲಿ ಸಿಂಹಗಳು ಕುಳಿತವು. ಸಂಜೆಯ ಹೊತ್ತು ಸೈನ್ಯದ ವಾದ್ಯಮೇಳ ನುಡಿಯುತ್ತಿದ್ದ ಈ ತೋಟದ ಸುಖ ಮೊದಲಿಗೆ ದಂಡಿನ ಅಧಿಕಾರಿಗಳದೂ ಬಂಡಿ ಕಟ್ಟಿಸಿ ಬರಬಲ್ಲ ಸಿರಿವಂತರದೂ ಆಗಿತ್ತೆಂಬುದನ್ನು ಮರೆಯಬಾರದು.

1870ರ ದಶಕದಲ್ಲಿ ಮುಠಾ ನದಿಗೆ ಖಡಕವಾಸಲಾ ಅಣೆಕಟ್ಟು ಬಂದ ಮೇಲೆ ನಗರದ ನೀರಿನ ಭಾರ ಅತ್ತ ಸರಿದರೂ, ಹಳೆಯ ಒಡ್ಡಿನ ಬಳಿ ಕೂರುವ ರೂಢಿ ಉಳಿಯಿತು. ಸ್ವಾತಂತ್ರ್ಯಾನಂತರ ಮಹಾತ್ಮಾ ಗಾಂಧಿ ಉದ್ಯಾನವೆಂದಾದ ತೋಟಕ್ಕೆ ಎಲ್ಲ ಪೇಟೆಗಳ ಸಂಸಾರಗಳೂ ಬರತೊಡಗಿದವು. ಈ ಹಂಚಿಕೆಯೇ ಅದರ ಚರಿತ್ರೆಯಲ್ಲಿ ಅತ್ಯಂತ ಬೆಲೆಯುಳ್ಳ ಘಟ್ಟ. ಆದರೆ ತಡೆದ ನೀರಿಗೆ ಇನ್ನೊಂದು ಮುಖವೂ ಇತ್ತು: 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಅದರ ರಭಸಕ್ಕೆ ಖಡಕವಾಸಲಾ ಕೂಡ ಬಿರಿದಾಗ, ಮುಠಾ ದಡದ ಹಳೆಯ ಪೇಟೆಗಳಲ್ಲಿ ಮನೆಗಳು ಕೊಚ್ಚಿಹೋದವು.

2022ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾದ ನದೀತೀರ ಅಭಿವೃದ್ಧಿ ಯೋಜನೆಯಲ್ಲಿ ಸಂಗಮವಾಡಿಯಿಂದ ಬಂಡ್ ಗಾರ್ಡನ್‌ವರೆಗಿನ ಭಾಗ ಮೊದಲು ಕೈಗೆತ್ತಿಕೊಂಡವುಗಳಲ್ಲಿ ಒಂದು. ಏರಿ ಕಟ್ಟಿ ಪಾತ್ರವನ್ನು ಒತ್ತುವುದರಿಂದ ನೆರೆಯ ಅಪಾಯ ಹೆಚ್ಚೀತೆಂದೂ ದಡದ ಮರಗಳು ಹೋದಾವೆಂದೂ ಪರಿಸರಾಸಕ್ತರು ಆಕ್ಷೇಪಿಸಿದ್ದಾರೆ. 1961ನ್ನು ಕಂಡ ಊರಿನಲ್ಲಿ ಮೊದಲನೆಯ ಆಕ್ಷೇಪವನ್ನೂ, ಮಧ್ಯಾಹ್ನದ ನೆರಳನ್ನು ನಂಬಿ ದಡಕ್ಕೆ ಬರುವವರ ಪರವಾಗಿ ಎರಡನೆಯದನ್ನೂ ತಳ್ಳಿಹಾಕಲು ಬಾರದು.