ರೇಡಿಯೋ ದೂರದರ್ಶಕದ ಬಳಿ ಮೊಬೈಲ್ ಆಫ್ ಮಾಡಿಸುವುದೇಕೆ? ವಿಕಿರಣದ ಭಯಕ್ಕಲ್ಲ!

ಇಂದು ರಾತ್ರಿ 12.30ರಿಂದ 3.30ರವರೆಗೆ ಮಂಗಳ ಗ್ರಹದಿಂದ ಕಾಸ್ಮಿಕ್ ಕಿರಣಗಳು ಬರಲಿವೆ, ಮೊಬೈಲ್ ಆಫ್ ಮಾಡಿ ದೂರ ಇಟ್ಟು ಮಲಗಿ ಎನ್ನುವ ಸಂದೇಶ ನಿಮಗೂ ಬಂದಿರಬಹುದು. ಇದು ವರ್ಷಗಳಿಂದ ಸುತ್ತುತ್ತಿರುವ ಸುಳ್ಳು. ಆದರೆ ನಿಜಕ್ಕೂ ಮೊಬೈಲ್ ಆಫ್ ಮಾಡಿಸುವ ಒಂದು ಜಾಗವಿದೆ. ಅದೇ ರೇಡಿಯೋ ವೀಕ್ಷಣಾಲಯ. ದೈತ್ಯ ಡಿಶ್‌ಗಳ ಬಳಿ ಮೊಬೈಲ್ ಬೇಡ ಎನ್ನುತ್ತಾರೆಂದರೆ ಅಲ್ಲಿ ಏನೋ ಅಪಾಯ ಇರಲೇಬೇಕಲ್ಲವೇ ಎಂಬ ಅನುಮಾನ ಸಹಜ. ನಿಜ ಸಂಗತಿ ಇದಕ್ಕೆ ತದ್ವಿರುದ್ಧ. ಹೇಗೆಂದು ನೋಡೋಣ.

ಇದು ಬಾಯಿಯಲ್ಲ, ಕಿವಿ

ಮಹಾರಾಷ್ಟ್ರದ ಪುಣೆಯಿಂದ ಸುಮಾರು 80 ಕಿ.ಮೀ. ದೂರದಲ್ಲಿ, ನಾರಾಯಣಗಾಂವ್ ಬಳಿಯ ಖೋಡದ್ ಗ್ರಾಮದಲ್ಲಿ ಜೈಂಟ್ ಮೀಟರ್‌ವೇವ್ ರೇಡಿಯೋ ಟೆಲಿಸ್ಕೋಪ್ ಇದೆ. ಎಲ್ಲರೂ ಕರೆಯುವುದು ಜಿಎಂಆರ್‌ಟಿ ಎಂದು. ವಿಜ್ಞಾನಿ ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ 1990ರ ದಶಕದಲ್ಲಿ ಇದನ್ನು ಕಟ್ಟಲಾಯಿತು. ಇಲ್ಲಿ 30 ಡಿಶ್‌ಗಳಿವೆ, ಒಂದೊಂದರ ಅಗಲ 45 ಮೀಟರ್. 14 ಡಿಶ್‌ಗಳು ಮಧ್ಯದಲ್ಲಿ ಒಟ್ಟಾಗಿವೆ. ಉಳಿದ 16 ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಸುಮಾರು 25 ಕಿ.ಮೀ. ವ್ಯಾಪ್ತಿಯಲ್ಲಿ ಹರಡಿವೆ. ಸುತ್ತಲೂ ಹೊಲ, ತೋಟ, ಊರುಗಳು.

ಈ ಡಿಶ್‌ಗಳು ಏನನ್ನೂ ಹೊರಸೂಸುವುದಿಲ್ಲ. ಮೊಬೈಲ್ ಟವರ್ ತರಂಗ ಕಳಿಸುತ್ತದೆ, ಪಡೆಯುತ್ತದೆ. ಜಿಎಂಆರ್‌ಟಿ ಪಡೆಯುವುದನ್ನಷ್ಟೇ ಮಾಡುತ್ತದೆ. ನಿಮ್ಮ ಮನೆ ಮೇಲಿನ ಟಿವಿ ಡಿಶ್ ಹೇಗೋ ಇದೂ ಹಾಗೆಯೇ. ಕಿವಿಗೆ ಹೆದರಬೇಕಾಗಿಲ್ಲ ತಾನೆ?

ಹಾಗಾದರೆ ಮೊಬೈಲ್ ಯಾಕೆ ಬೇಡ?

ನಕ್ಷತ್ರ, ಗ್ಯಾಲಕ್ಸಿಗಳಿಂದ ಬರುವ ರೇಡಿಯೋ ತರಂಗಗಳು ನಂಬಲಾಗದಷ್ಟು ದುರ್ಬಲ. ಒಂದು ಹೋಲಿಕೆ ನೋಡಿ. ಸಾಮಾನ್ಯ ಮೊಬೈಲ್ ಒಂದನ್ನು ಚಂದ್ರನ ಮೇಲಿಟ್ಟು ಕರೆ ಮಾಡಿದರೆ, ಅದರ ಆವರ್ತನದಲ್ಲಿ ಅದು ಇಡೀ ಆಕಾಶದ ಅತ್ಯಂತ ಪ್ರಖರ ಮೂಲಗಳ ಸಾಲಿಗೆ ಸೇರಿಬಿಡುತ್ತದೆ! ಸುಮಾರು 3.8 ಲಕ್ಷ ಕಿ.ಮೀ. ದೂರದ ಫೋನಿನ ಕಥೆಯೇ ಹೀಗಾದರೆ, ಡಿಶ್ ಪಕ್ಕದಲ್ಲಿ ನಿಂತವರ ಜೇಬಿನ ಫೋನ್ ಎಷ್ಟು ಗದ್ದಲ ಮಾಡಬಹುದು ಯೋಚಿಸಿ. ಜಾತ್ರೆಯ ಧ್ವನಿವರ್ಧಕದ ಪಕ್ಕ ನಿಂತು ಇರುವೆಯ ಹೆಜ್ಜೆ ಸಪ್ಪಳ ಕೇಳಲು ಹೊರಟಂತೆ.

ಅಂದರೆ ಮೊಬೈಲ್ ಆಫ್ ಮಾಡಿಸುವುದು ದೂರದರ್ಶಕದಿಂದ ನಿಮ್ಮನ್ನು ಕಾಪಾಡಲು ಅಲ್ಲ, ನಿಮ್ಮಿಂದ ದೂರದರ್ಶಕವನ್ನು ಕಾಪಾಡಲು.

ಊಟದ ಹೊತ್ತಿನ ವಿಚಿತ್ರ ಸಂಕೇತ

ಇದು ಅತಿಯಾದ ಎಚ್ಚರಿಕೆ ಅನಿಸಿದರೆ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದ ಕಥೆ ಕೇಳಿ. ಅಲ್ಲಿ 1998ರಿಂದಲೂ ಆಗೊಮ್ಮೆ ಈಗೊಮ್ಮೆ ಕ್ಷಣಮಾತ್ರದ ವಿಚಿತ್ರ ಸಂಕೇತಗಳು ದಾಖಲಾಗುತ್ತಿದ್ದವು. ದೂರದ ವಿಶ್ವದಿಂದ ಬರುವ ನಿಜವಾದ ರೇಡಿಯೋ ಸ್ಫೋಟಗಳನ್ನೇ ಹೋಲುತ್ತಿದ್ದ ಇವಕ್ಕೆ ಪೆರಿಟಾನ್ ಎಂದು ಹೆಸರಿಟ್ಟರು. ಮೂಲ ಪತ್ತೆಯಾದದ್ದು 2015ರಲ್ಲಿ. ಅಡುಗೆಮನೆಯ ಮೈಕ್ರೋವೇವ್ ಒಲೆ! ಊಟ ಬಿಸಿಯಾಗುವವರೆಗೂ ಕಾಯದೆ ಯಾರಾದರೂ ಬಾಗಿಲು ತೆಗೆದಾಗ, ಒಲೆ ನಿಲ್ಲುವ ಆ ಕ್ಷಣದಲ್ಲಿ ಸೋರಿದ ತರಂಗ ಡಿಶ್‌ಗೆ ಸಿಕ್ಕುತ್ತಿತ್ತು. ಇಂಥ ಸುಳ್ಳು ಸಂಕೇತಗಳಿಂದಾಗಿ ನಿಜವಾದ ಸ್ಫೋಟಗಳ ಮೇಲೂ ಕೆಲವರು ಅನುಮಾನಪಟ್ಟಿದ್ದರು.

ವೀಕ್ಷಣಾಲಯದಲ್ಲಿ ದಿನ ಹೇಗಿರುತ್ತದೆ?

ಖಗೋಳ ವಿಜ್ಞಾನಿಗಳು ರಾತ್ರಿಯಿಡೀ ಕೊಳವೆಯಲ್ಲಿ ಕಣ್ಣಿಟ್ಟು ಕೂತಿರುತ್ತಾರೆ ಅನ್ನುವುದು ಇನ್ನೊಂದು ತಪ್ಪು ಕಲ್ಪನೆ. ರೇಡಿಯೋ ತರಂಗಗಳಿಗೆ ಹಗಲಿನ ಬೆಳಕಾಗಲಿ ಮೋಡವಾಗಲಿ ಅಂಥ ಅಡ್ಡಿಯಲ್ಲ. ಹಾಗಾಗಿ ಜಿಎಂಆರ್‌ಟಿಯ ನಿಯಂತ್ರಣ ಕೊಠಡಿಯಲ್ಲಿ ಸಿಬ್ಬಂದಿ ಪಾಳಿಯ ಮೇಲೆ ಹಗಲು ರಾತ್ರಿ ಕೆಲಸ ಮಾಡುತ್ತಾರೆ. ಸಿನಿಮಾದಂತೆ ಹೆಡ್‌ಫೋನ್ ಹಾಕಿ ಯಾರೂ ಆಕಾಶ ಕೇಳುವುದಿಲ್ಲ. 30 ಡಿಶ್‌ಗಳ ಸಂಕೇತಗಳು ಆಪ್ಟಿಕಲ್ ಫೈಬರ್ ಮೂಲಕ ಒಂದೆಡೆ ಸೇರುತ್ತವೆ, ಕಂಪ್ಯೂಟರ್‌ಗಳು ಅವನ್ನು ಹೊಂದಿಸಿ ದತ್ತಾಂಶ ಕೊಡುತ್ತವೆ. ಚಿತ್ರ ಮೂಡಿಸುವ ಕೆಲಸ ನಂತರದ್ದು.

ಡಿಶ್‌ಗಳ ಮೇಲ್ಮೈ ಸ್ಟೀಲ್ ತಂತಿಯ ಬಲೆಯಾದ್ದರಿಂದ ಗಾಳಿ ನುಸುಳಿ ಹೋಗುತ್ತದೆ. ಆದರೂ ಬಿರುಗಾಳಿ ಬಂದರೆ ವೀಕ್ಷಣೆ ನಿಲ್ಲಿಸಿ ಎಲ್ಲ ಡಿಶ್‌ಗಳನ್ನು ನೇರ ಮೇಲ್ಮುಖವಾಗಿ ನಿಲ್ಲಿಸುತ್ತಾರೆ. ಎಂಜಿನಿಯರ್‌ಗಳ ಒಂದು ತಂಡಕ್ಕೆ ಗದ್ದಲ ಹುಡುಕುವುದೇ ಕೆಲಸ. ಸುತ್ತಲ ವಿದ್ಯುತ್ ತಂತಿಗಳಲ್ಲಿ ಹಾರುವ ಸಣ್ಣ ಕಿಡಿ ಕೂಡ ಆಕಾಶದ ಸಂಕೇತವನ್ನು ಮುಚ್ಚಿಹಾಕಬಲ್ಲದು. ಎಲ್ಲಿ ಕಿಡಿ ಹಾರುತ್ತಿದೆ ಎಂದು ಪತ್ತೆ ಹಚ್ಚಿ ಸರಿಪಡಿಸಬೇಕು.

ಇಷ್ಟೆಲ್ಲ ಕಷ್ಟಪಟ್ಟು ಸಿಗುವುದೇನು?

2023ರ ಜನವರಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಜಿಎಂಆರ್‌ಟಿಯ ಒಂದು ಶೋಧ ಪ್ರಕಟಿಸಿದರು. ಅದು ಒಂದು ಗ್ಯಾಲಕ್ಸಿಯ ಹೈಡ್ರೋಜನ್ ಅನಿಲದಿಂದ ಸುಮಾರು 880 ಕೋಟಿ ವರ್ಷಗಳ ಹಿಂದೆ ಹೊರಟ ಸಂಕೇತ. ಹೊರಟಾಗ 21 ಸೆಂ.ಮೀ. ಇದ್ದ ತರಂಗ, ವಿಶ್ವ ಹಿಗ್ಗಿದಂತೆ ತಾನೂ ಹಿಗ್ಗಿ 48 ಸೆಂ.ಮೀ. ಆಗಿ ಇಲ್ಲಿಗೆ ತಲುಪಿತ್ತು. ಇದು ಅನ್ಯಗ್ರಹ ಜೀವಿಗಳ ಸಂದೇಶವಲ್ಲ. ವಿಜ್ಞಾನದಲ್ಲಿ ಸಂಕೇತ ಎಂದರೆ ಯಾರೋ ಬೇಕೆಂದೇ ಕಳಿಸಿದ್ದು ಎಂದರ್ಥವಲ್ಲ.

ಮಂಗಳನ ಸಂಕೇತವನ್ನೂ ಜಿಎಂಆರ್‌ಟಿ ಕೇಳಿದೆ. 2016ರ ಅಕ್ಟೋಬರ್‌ನಲ್ಲಿ ಯುರೋಪಿನ ಸ್ಕಿಯಾಪರೆಲ್ಲಿ ನೌಕೆ ಮಂಗಳನ ಮೇಲೆ ಇಳಿಯುವಾಗ ಅದರ ಕ್ಷೀಣ ಸಂಕೇತ ಇಲ್ಲಿ ದಾಖಲಾಯಿತು. ನೆಲ ಮುಟ್ಟುವ ಸ್ವಲ್ಪ ಮೊದಲು ಅದು ನಿಂತುಹೋಯಿತು. ನೌಕೆ ಅಪ್ಪಳಿಸಿ ನಾಶವಾಗಿತ್ತು.

ನಮ್ಮ ಕರ್ನಾಟಕದಲ್ಲೂ ಇದೆ

ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರದ ಗೌರಿಬಿದನೂರಿನಲ್ಲಿ 1976ರಿಂದ ರೇಡಿಯೋ ವೀಕ್ಷಣಾಲಯವಿದೆ. ಅಲ್ಲಿರುವುದು ದೈತ್ಯ ಡಿಶ್‌ಗಳಲ್ಲ. ಹಳೆಯ ಟಿವಿ ಆಂಟೆನಾಗಳನ್ನು ಹೋಲುವ ಸಾಲು ಸಾಲು ಆಂಟೆನಾಗಳು ಸೂರ್ಯನ ಹೊರವಲಯವನ್ನು ಗಮನಿಸುತ್ತವೆ.

2018ರಲ್ಲಿ ಅಮೆರಿಕದ ತಂಡವೊಂದು ವಿಶ್ವದ ಮೊದಲ ನಕ್ಷತ್ರಗಳ ಕುರುಹು ಸಿಕ್ಕಿದೆ ಎಂದು ಹೇಳಿಕೊಂಡಿತು. ಅದನ್ನು ಪರೀಕ್ಷಿಸಲು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ಸಾರಸ್ ಎಂಬ ಉಪಕರಣವನ್ನು ದಂಡಿಗಾನಹಳ್ಳಿ ಕೆರೆಯಲ್ಲಿ ಮತ್ತು ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. ಆಂಟೆನಾದ ಕೆಳಗೆ ಎಲ್ಲೆಡೆ ಒಂದೇ ಸಮನಾದ ಮಾಧ್ಯಮ ಇರಲಿ ಎಂದು ನೀರನ್ನು ಆರಿಸಿಕೊಂಡಿದ್ದರು. ಆ ಕುರುಹು ಇವರಿಗೆ ಕಾಣಲಿಲ್ಲ. 2022ರಲ್ಲಿ ಪ್ರಕಟವಾದ ಈ ಫಲಿತಾಂಶ ದೊಡ್ಡದೊಂದು ಹೇಳಿಕೆಯನ್ನೇ ಅಲುಗಾಡಿಸಿತು.

ಫಾರ್ವರ್ಡ್ ಬಂದರೆ ಏನು ಹೇಳಬೇಕು?

ಕಾಸ್ಮಿಕ್ ಕಿರಣಗಳು ಒಂದು ರಾತ್ರಿ ಮಾತ್ರ ಬರುವುದಿಲ್ಲ, ಎಲ್ಲ ಹೊತ್ತಿನಲ್ಲೂ ಬರುತ್ತಲೇ ಇರುತ್ತವೆ. ಭೂಮಿಯ ಕಾಂತಕ್ಷೇತ್ರ ಮತ್ತು ವಾತಾವರಣ ನಮಗೆ ರಕ್ಷಣೆ ಕೊಡುತ್ತವೆ. ಮೊಬೈಲ್ ಅವನ್ನು ಸೆಳೆಯುವುದಿಲ್ಲ, ಆಫ್ ಮಾಡಿದರೆ ಅವು ನಿಲ್ಲುವುದೂ ಇಲ್ಲ. ಆದ್ದರಿಂದ ಆ ಸಂದೇಶ ಬಂದರೆ ಮುಂದೆ ಕಳಿಸಬೇಡಿ. ಆದರೆ ರೇಡಿಯೋ ವೀಕ್ಷಣಾಲಯಕ್ಕೆ ಹೋದಾಗ ಮೊಬೈಲ್ ಆಫ್ ಮಾಡಿ ಎಂದರೆ ತಪ್ಪದೆ ಮಾಡಿ. ಕೋಟ್ಯಂತರ ವರ್ಷ ಪ್ರಯಾಣಿಸಿ ಬಂದ ಒಂದು ಪಿಸುಮಾತು ನಿಮ್ಮ ರಿಂಗ್‌ಟೋನಿನ ಕಾರಣಕ್ಕೆ ಕಳೆದುಹೋಗಬಾರದು.