ಗೊಂಬೆಯೂರಿನ ಹಳೆಯ ಬಿರುದುಗಳು

ಬೆಂಗಳೂರಿನ ತ್ಯಾಗರಾಜನಗರದಿಂದ ಮೈಸೂರಿಗೆ ಹೊರಟ ಕಾರು ನಾಯಂಡಹಳ್ಳಿ ದಾಟುವುದರೊಳಗೆ, ದಾರಿಯಲ್ಲಿ ಎಲ್ಲಿ ಇಳಿಯೋಣ ಎಂಬ ಪಂಚಾಯಿತಿ ಶುರುವಾಗಿರುತ್ತದೆ. ಈ ದಾರಿಯ ಊರುಗಳಿಗೆಲ್ಲ ಒಂದೊಂದು ಬಿರುದು. ಬಿಡದಿ ಎಂದರೆ ತಟ್ಟೆ ಇಡ್ಲಿ, ರಾಮನಗರ ರೇಷ್ಮೆ ನಗರಿ, ಚನ್ನಪಟ್ಟಣ ಗೊಂಬೆಗಳ ಊರು, ಮದ್ದೂರಿಗೆ ವಡೆ, ಮಂಡ್ಯ ಸಕ್ಕರೆ ನಾಡು, ಕೊನೆಗೆ ಮೈಸೂರು ಅರಮನೆ ನಗರಿ. ಹಿರಿಯರ ಮತ ವಡೆಗೆ, ಮಕ್ಕಳ ಮತ ಗೊಂಬೆಗೆ, ಗಾಡಿ ಓಡಿಸುವವರ ಮತ ಎಲ್ಲೂ ನಿಲ್ಲಿಸದೆ ಹೋಗುವುದಕ್ಕೆ.

ಹಿಂದೆ ಇಷ್ಟೆಲ್ಲ ಚರ್ಚೆ ಬೇಕಿರಲಿಲ್ಲ. ರಸ್ತೆ ಊರೊಳಗಿಂದಲೇ ಹೋಗುತ್ತಿತ್ತು, ಅಂಗಡಿಗಳ ಮುಂದೆ ತೂಗುಹಾಕಿದ ಮರದ ಕುದುರೆಗಳು ಕಂಡೊಡನೆ ಬ್ರೇಕು ಬೀಳುತ್ತಿತ್ತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಪಕ್ಕಕ್ಕೆ ಸರಿಸಿತು. ಗೊಂಬೆ ಅಂಗಡಿಯವರ, ಹೋಟೆಲಿನವರ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಈಗ ಊರು ನೋಡಬೇಕೆಂದರೆ ಮೊದಲೇ ಮನಸ್ಸು ಮಾಡಿ, ರಾಮನಗರಕ್ಕೆ ಮುಂಚೆಯೇ ಹಳೇ ರಸ್ತೆಗೆ ಇಳಿಯಬೇಕು. ಒಂದೇ ಕಡೆ ಇಳಿಯುವುದಾದರೆ ನನ್ನ ಓಟು ಚನ್ನಪಟ್ಟಣಕ್ಕೆ. ಗೊಂಬೆಗಾಗಿ ಮಾತ್ರವಲ್ಲ, ಬಿರುದಿನ ಹಿಂದೆ ಮರೆಯಾದ ಊರಿಗಾಗಿ.

ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು ದೂರದ ಈ ಊರಿನಲ್ಲಿ 1580ರ ಸುಮಾರಿಗೆ ಕೋಟೆ ಕಟ್ಟಿಸಿದವನು ಜಗದೇವರಾಯ. ವಿಜಯನಗರ ತಾಳಿಕೋಟೆಯ ಪೆಟ್ಟು ತಿಂದು ಕುಗ್ಗುತ್ತಿದ್ದ ಕಾಲ ಅದು. ಅವನ ಮನೆತನ ಇಲ್ಲಿ ಆಳಿದ್ದು ಸುಮಾರು 50 ವರ್ಷ. 1630ರಲ್ಲಿ ಸೀಮೆ ಮೈಸೂರು ಒಡೆಯರ ವಶವಾಯಿತು. ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದಷ್ಟು ದಿನವೂ ಬೆಂಗಳೂರಿಗೆ ಹೋಗಿಬರುವವರಿಗೆ ಚನ್ನಪಟ್ಟಣ ನಡುದಾರಿಯ ಪೇಟೆ. ಊರಿನ ಉತ್ತರಕ್ಕೆ ಎರಡು ದೊಡ್ಡ ಗೋರಿಗಳಿವೆ. ಒಂದು ಟಿಪ್ಪು ತನ್ನ ಧರ್ಮಗುರುವಿಗಾಗಿ ಕಟ್ಟಿಸಿದ್ದು. ಇನ್ನೊಂದು ಬೆಂಗಳೂರು ಕೋಟೆಯ ಅಧಿಕಾರಿಯಾಗಿದ್ದ ಸೈಯದ್ ಇಬ್ರಾಹಿಂನದು. ಟಿಪ್ಪುವಿನ ಸೆರೆಯಾಳುಗಳನ್ನು ಕರುಣೆಯಿಂದ ಕಂಡನೆಂದು ಅವನಿಗೆ ಹೆಸರು.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಯನ್ನು ಸುತ್ತಿದ. ಚನ್ನಪಟ್ಟಣದಲ್ಲಿ ಅವನ ಕಣ್ಣು ಸೆಳೆದ ಕಸುಬುಗಳಲ್ಲಿ ಮೂರು ಇಂದು ಯಾರ ಬಾಯಲ್ಲೂ ಇಲ್ಲ. ಒಂದು ಗಾಜಿನ ಸಾಮಾನು. ಎರಡನೆಯದು ಬಿಳಿ ಸಕ್ಕರೆ. ಅದನ್ನು ಮಾಡುವ ಗುಟ್ಟು ಒಂದೇ ಮನೆತನದ ಕೈಯಲ್ಲಿತ್ತು, ತಯಾರಾದದ್ದು ಶ್ರೀರಂಗಪಟ್ಟಣದ ಆಸ್ಥಾನಕ್ಕೆ ಹೋಗುತ್ತಿತ್ತು. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು 1933ರಲ್ಲಿ. ಸಕ್ಕರೆಯ ಬಿರುದು ಮೊದಲು ಯಾರಿಗೆ ಸಲ್ಲಬೇಕಿತ್ತು ನೋಡಿ!

ಮೂರನೆಯದು ಸಂಗೀತ ವಾದ್ಯಗಳ ಉಕ್ಕಿನ ತಂತಿ. ಇಲ್ಲಿ ಎಳೆದ ತಂತಿ ದೇಶದ ದೂರದೂರದ ಮೂಲೆಗಳಿಗೆ ಹೋಗುತ್ತಿತ್ತು. ಆ ಹೊತ್ತಿಗೆ ತಿರುವಯ್ಯಾರಿನಲ್ಲಿದ್ದ ತ್ಯಾಗರಾಜರಿಗೆ 33ರ ಪ್ರಾಯ. ತ್ಯಾಗರಾಜನಗರದಲ್ಲಿ ವಾಸಿಸುವ ನಮಗೆ ಚನ್ನಪಟ್ಟಣ ಎಂದರೆ ತಂತಿ ನೆನಪಾಗುವುದಿಲ್ಲ, ಬುಗುರಿ ನೆನಪಾಗುತ್ತದೆ. ಆಸ್ಥಾನ ಹೋಯಿತು, ಕಾರ್ಖಾನೆಯ ಅಗ್ಗದ ಸರಕು ಬಂತು, ಕೊಳ್ಳುವವರಿಲ್ಲದೆ ಬಿರುದೂ ಉದುರಿತು.

ಉಳಿದದ್ದು ಅರಗಿನ ಕೆಲಸ. ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದವನು ಟಿಪ್ಪು ಎಂದು ಊರವರು ಹೇಳುತ್ತಾರೆ. ಜಪಾನಿನ ಗೊಂಬೆಗಾರಿಕೆಯ ರೀತಿಯನ್ನು ಕಲಿತು ಇಲ್ಲಿಯವರಿಗೆ ಕಲಿಸಿದ ಬಾವಾಸ್ ಮಿಯಾನ್ ಹೆಸರನ್ನೂ ನೆನೆಯುತ್ತಾರೆ. ಅಂಗಡಿಯಲ್ಲಿ ಚೌಕಾಸಿ ಮಾಡುವ ಮೊದಲು ಒಂದು ಕಾರ್ಯಾಗಾರದೊಳಗೆ ಹೋಗಿ ನಿಲ್ಲಿ. ತಿಂಗಳುಗಟ್ಟಲೆ ಒಣಗಿಸಿದ ಹಾಲೆ ಮರದ ತುಂಡು ಕಡಚಲು ಯಂತ್ರದಲ್ಲಿ ಗಿರ್ರನೆ ತಿರುಗುತ್ತಿರುತ್ತದೆ. ಉಳಿ ತಾಗಿದೊಡನೆ ಬಿಳಿ ಹೊಟ್ಟು ಸುರುಳಿಯಾಗಿ ಹಾರಿ, ಕಣ್ಣೆದುರೇ ಗೊಂಬೆಗೊಂದು ಸೊಂಟ ಮೂಡುತ್ತದೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕುಂಚವೂ ಬೇಡ, ಒಲೆಯೂ ಬೇಡ. ಕೊನೆಗೆ ಒಣಗಿದ ತಾಳೆಗರಿಯನ್ನು ಅಮುಕಿ ಹಿಡಿದರೆ ಬಣ್ಣ ಸಮನಾಗಿ ಹರಡಿ, ಮುಖ ಕಾಣುವಷ್ಟು ಹೊಳಪು ಬರುತ್ತದೆ. ಈ ಕಸುಬಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2015ರ ಗಣರಾಜ್ಯೋತ್ಸವದಲ್ಲಿ ದೆಹಲಿಯ ರಾಜಪಥದಲ್ಲಿ ಸಾಗಿದ ಕರ್ನಾಟಕದ ಸ್ತಬ್ಧಚಿತ್ರವೂ ಈ ಗೊಂಬೆಗಳದ್ದೇ.

ಊರು ದಾಟಿ ಸ್ವಲ್ಪ ಮುಂದೆ ಹೋದರೆ ದೊಡ್ಡಮಳೂರು. ಚೋಳರ ಕಾಲದ ಅಪ್ರಮೇಯಸ್ವಾಮಿ ದೇವಾಲಯದಲ್ಲಿ, ಕೈಯಲ್ಲಿ ಬೆಣ್ಣೆ ಹಿಡಿದು ಅಂಬೆಗಾಲಿಕ್ಕುವ ನವನೀತಕೃಷ್ಣನಿದ್ದಾನೆ. ಪುರಂದರದಾಸರು ‘ಜಗದೋದ್ಧಾರನ’ ಹಾಡಿದ್ದು ಇಲ್ಲೇ ಎಂಬುದು ಪ್ರತೀತಿ. ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಒಪ್ಪಿಸಿದ ಪುಟ್ಟ ತೊಟ್ಟಿಲುಗಳನ್ನು ನೋಡಬಹುದು. ಸಮೀಪದ ಅಬ್ಬೂರಿನಲ್ಲಿ ವ್ಯಾಸರಾಯರ ಗುರು ಬ್ರಹ್ಮಣ್ಯತೀರ್ಥರ ಬೃಂದಾವನವಿದೆ. ಮಧ್ಯಾಹ್ನ ಗುಡಿ ಮುಚ್ಚುವುದರಿಂದ ಮಳೂರನ್ನು ಮೊದಲು ಮುಗಿಸಿ, ಗೊಂಬೆ ನೋಡಲು ಹಿಂದಕ್ಕೆ ಬರುವುದೇ ಅನುಕೂಲ.

ಸರ್ಕಾರ ಇಡುವ ಹೆಸರುಗಳು ಬೇರೆಯೇ ಲೆಕ್ಕದಲ್ಲಿ ನಡೆಯುತ್ತವೆ. ಕ್ಲೋಸ್‌ಪೇಟೆ ರಾಮನಗರವಾಯಿತು, 2007ರಲ್ಲಿ ಅದೇ ಹೆಸರಿನ ಜಿಲ್ಲೆಯೂ ಆಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣ. ಲೋಕಸಭೆಯ ಲೆಕ್ಕದಲ್ಲಿ ನಾವು ಬೆಂಗಳೂರು ದಕ್ಷಿಣದವರು, ಜಿಲ್ಲೆಯ ಲೆಕ್ಕದಲ್ಲಿ ಚನ್ನಪಟ್ಟಣದವರೂ ಬೆಂಗಳೂರು ದಕ್ಷಿಣದವರು. ಆದರೂ ಅಲ್ಲಿಯವರನ್ನು ಯಾವ ಊರು ಎಂದು ಕೇಳಿದರೆ ‘ಗೊಂಬೆ ಊರು’ ಎಂದೇ ಹೇಳಿಯಾರು. ಆದೇಶದಿಂದ ಬಂದ ಹೆಸರು ಆದೇಶದಿಂದಲೇ ಹೋಗಬಹುದು. ಕಸುಬಿನಿಂದ ಬಂದ ಹೆಸರಿಗೆ ಗಿರಾಕಿಯೇ ಆಧಾರ. ಆದ್ದರಿಂದ ಅಲ್ಲಿ ಇಳಿದವರು ಪ್ಲಾಸ್ಟಿಕ್ ಆಟಿಕೆ ಬಿಟ್ಟು, ಇದು ಅರಗಿನ ಬಣ್ಣವೇ, ಹಾಲೆ ಮರವೇ, ಇದೇ ಊರಿನಲ್ಲಿ ಕಡೆದದ್ದೇ ಎಂದು ಕೇಳಿ ಕೊಳ್ಳಬೇಕು. ತಂತಿಗೂ ಸಕ್ಕರೆಗೂ ಆದ ಗತಿ ಗೊಂಬೆಗೂ ಬಾರದಿರಲಿ.